ಹತ್ತು ಲಕ್ಷ ಸಾಲು ಕೋಡ್, ಒಂದೇ ತಿಂಗಳಲ್ಲಿ ಬೇರೆ ಭಾಷೆಗೆ: ಇದು ಆಗೋ ಮಾತಾ?

2025ರ ಡಿಸೆಂಬರ್ ಕೊನೆಯಲ್ಲಿ ಒಂದು ಸುದ್ದಿ ಎಲ್ಲ ಕಡೆ ಓಡಾಡಿತು. ಮೈಕ್ರೋಸಾಫ್ಟ್‌ನ ಹಿರಿಯ ಇಂಜಿನಿಯರ್ ಗೇಲನ್ ಹಂಟ್ ತಮ್ಮ ತಂಡಕ್ಕೆ ಜನ ಬೇಕು ಅಂತ ಲಿಂಕ್ಡ್‌ಇನ್‌ನಲ್ಲಿ ಬರೆದಿದ್ದರು. 2030ರ ಹೊತ್ತಿಗೆ ಮೈಕ್ರೋಸಾಫ್ಟ್‌ನಲ್ಲಿರುವ ಸಿ ಮತ್ತು ಸಿ++ ಭಾಷೆಯ ಪ್ರತಿಯೊಂದು ಸಾಲನ್ನೂ ತೆಗೆದುಹಾಕುವುದು ನನ್ನ ಗುರಿ ಎಂದು ಅದರಲ್ಲಿತ್ತು. ಅದಕ್ಕೊಂದು ಲೆಕ್ಕವನ್ನೂ ಕೊಟ್ಟಿದ್ದರು: ಒಬ್ಬ ಇಂಜಿನಿಯರ್, ಒಂದು ತಿಂಗಳು, ಹತ್ತು ಲಕ್ಷ ಸಾಲು. ನೋಡನೋಡುತ್ತಿದ್ದಂತೆ ಇದು "ವಿಂಡೋಸ್ ಪೂರ್ತಿ ಎಐ ಕೈಯಲ್ಲಿ ರಸ್ಟ್ ಭಾಷೆಗೆ ಬದಲಾಗುತ್ತಿದೆ" ಎಂಬ ಸುದ್ದಿಯಾಯಿತು. ಕೊನೆಗೆ ಹಂಟ್ ಅವರೇ ಸ್ಪಷ್ಟನೆ ಕೊಡಬೇಕಾಯಿತು. ವಿಂಡೋಸನ್ನು ಎಐ ಬಳಸಿ ರಸ್ಟ್‌ನಲ್ಲಿ ಮತ್ತೆ ಬರೆಯುತ್ತಿಲ್ಲ, ತಮ್ಮದು ಸಂಶೋಧನಾ ಯೋಜನೆ, ಒಂದು ಭಾಷೆಯಿಂದ ಇನ್ನೊಂದಕ್ಕೆ ಕೋಡ್ ಸಾಗಿಸುವ ತಂತ್ರಜ್ಞಾನ ಕಟ್ಟುವುದು ಅದರ ಕೆಲಸ ಎಂದರು.

ಅದೇ ವರ್ಷ ಮಾರ್ಚ್‌ನಲ್ಲಿ ಇಂಥದ್ದೇ ಇನ್ನೆರಡು ಸುದ್ದಿ ಬಂದಿದ್ದವು. ಮೈಕ್ರೋಸಾಫ್ಟ್‌ನದೇ ಟೈಪ್‌ಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ತಂಡ ತನ್ನ ಕಂಪೈಲರನ್ನು (ಬರೆದ ಕೋಡನ್ನು ಪರೀಕ್ಷಿಸಿ ಬೇರೆ ರೂಪಕ್ಕೆ ತಿರುಗಿಸುವ ಪ್ರೋಗ್ರಾಂ) ಗೋ ಭಾಷೆಗೆ ಸಾಗಿಸುತ್ತಿದ್ದೇವೆ, ವೇಗ ಹತ್ತು ಪಟ್ಟು ಜಾಸ್ತಿಯಾಗಿದೆ ಎಂದು ಹೇಳಿತು. ಆ ತಿಂಗಳ ಕೊನೆಗೆ ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಇಲಾಖೆಯ ಕೋಬಾಲ್ ಎಂಬ ಹಳೇ ಭಾಷೆಯ ಕೋಡನ್ನು ಕೆಲವೇ ತಿಂಗಳಲ್ಲಿ ಬೇರೆ ಭಾಷೆಗೆ ತಿರುಗಿಸಲು ಸರ್ಕಾರಿ ಖರ್ಚು ಕಡಿತಕ್ಕೆಂದು ಮಾಡಿದ್ದ ಡೋಜ್ ತಂಡ ಹೊರಟಿದೆ ಎಂದು ವೈರ್ಡ್ ಪತ್ರಿಕೆ ವರದಿ ಮಾಡಿತು. ಅಲ್ಲಿರುವುದು 6 ಕೋಟಿಗೂ ಹೆಚ್ಚು ಸಾಲು ಕೋಬಾಲ್. ಆರೂವರೆ ಕೋಟಿಗೂ ಹೆಚ್ಚು ಜನರ ಪಿಂಚಣಿ ಮತ್ತು ನೆರವಿನ ಹಣ ಆ ಕೋಡ್ ಮೇಲೆ ನಿಂತಿದೆ.

ಒಂದು ತಂಡ ಆಗುತ್ತೆ ಅನ್ನುತ್ತದೆ, ಇನ್ನೊಂದು ಮಾಡಿ ತೋರಿಸುತ್ತದೆ, ಮೂರನೆಯದನ್ನು ಕೇಳಿದ ಅನುಭವಿಗಳು ಬೇಡವೇ ಬೇಡ ಅಂತ ಬೆಚ್ಚಿಬೀಳುತ್ತಾರೆ. ಓದುವವರಿಗೆ ಗೊಂದಲ ಆಗದೆ ಇನ್ನೇನು? ಕೋಡ್ ಅನುವಾದ ಸುಲಭವೋ ಕಷ್ಟವೋ?

ಸಾಲುಗಳ ಅನುವಾದ ಸುಲಭ, ಅದು ಎಐಗಿಂತ ಮುಂಚೆಯೂ ಸುಲಭವೇ ಆಗಿತ್ತು. ಕಷ್ಟ ಇರುವುದು ಸಾಲಿನಲ್ಲಿ ಬರೆಯದೇ ಉಳಿದ ವಿಷಯಗಳಲ್ಲಿ. ಹಾಗಾಗಿ ತಿಂಗಳಿಗೆ ಎಷ್ಟು ಸಾಲು ಎಂದು ಅಳೆದರೆ ಕಷ್ಟದ ಭಾಗ ಲೆಕ್ಕಕ್ಕೇ ಸಿಗುವುದಿಲ್ಲ.

ಫೈಲ್‌ನಲ್ಲಿ ಇಲ್ಲದ ಮಾಹಿತಿ

ಇದನ್ನು ಅರ್ಥ ಮಾಡಿಕೊಳ್ಳಲು ಪ್ರೋಗ್ರಾಮಿಂಗ್ ಗೊತ್ತಿರಲೇಬೇಕು ಅಂತಿಲ್ಲ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲನ್ನು ಯೂನಿಕೋಡ್‌ಗೆ ತಿರುಗಿಸಿದವರೆಲ್ಲ ಇದನ್ನು ಕಣ್ಣಾರೆ ಕಂಡಿದ್ದಾರೆ.

"ಸೂರ್ಯ" ಎಂಬ ಪದ ತಗೊಳ್ಳಿ. ಹಳೇ ನುಡಿ ಫಾಂಟ್‌ನಲ್ಲಿ ಅರ್ಕಾವತ್ತಿನ ಆಕಾರ "ಯ" ಆದ ಮೇಲೆ ಕೂರುತ್ತದೆ, ಯಾಕೆಂದರೆ ಕಣ್ಣಿಗೆ ಕಾಣುವ ಕ್ರಮವೇ ಅಲ್ಲಿನ ಕ್ರಮ. ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮ, ಅಂದರೆ "ರ" ಮೊದಲು ಬರಬೇಕು. ಒಂದು ಗುರುತಿಗೆ ಇನ್ನೊಂದು ಗುರುತು ಅಂತ ಸುಮ್ನೆ ಬದಲಿಸುತ್ತಾ ಹೋದರೆ ಪದ ಕೆಡುತ್ತದೆ. ಆದರೆ ಇದು ನಿಯಮ ಗೊತ್ತಿದ್ದರೆ ಬಗೆಹರಿಯುವ ಸಮಸ್ಯೆ. ಕನ್ವರ್ಟರ್ ಬರೆದವರು ಈ ನಿಯಮವನ್ನು ಅದರೊಳಗೆ ಹಾಕಿದ್ದಾರೆ.

ಇನ್ನೊಂದು ಸಮಸ್ಯೆ ಇದೆ, ಅದು ಬೇರೆ ಜಾತಿಯದು. ಅದೇ ಫೈಲ್‌ನ ನಡುವೆ ಇಂಗ್ಲಿಷಿನಲ್ಲಿ ಒಂದು ಇಮೇಲ್ ವಿಳಾಸ ಇದೆ ಅಂದುಕೊಳ್ಳಿ. ನುಡಿಯ ಹಳೇ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಕಂಪ್ಯೂಟರ್ ಒಳಗೆ ಕೊಟ್ಟ ಸಂಖ್ಯೆಗಳನ್ನೇ ಕನ್ನಡದ ಆಕಾರಗಳಿಗೂ ಬಳಸುತ್ತಾರೆ. ಇದು ಇಂಗ್ಲಿಷ್, ಇದು ಕನ್ನಡ ಎಂದು ಹೇಳುವುದು ಅಕ್ಷರವಲ್ಲ, ಆ ತುಂಡಿಗೆ ಹಚ್ಚಿದ ಫಾಂಟ್. ಬರೀ ಪಠ್ಯವನ್ನು ಎತ್ತಿ ಕನ್ವರ್ಟರ್‌ಗೆ ಹಾಕಿದರೆ ಫಾಂಟ್ ಮಾಹಿತಿ ಹಿಂದೆಯೇ ಉಳಿದುಹೋಗುತ್ತದೆ, ಇಮೇಲ್ ವಿಳಾಸ ಅರ್ಥವಿಲ್ಲದ ಕನ್ನಡ ಅಕ್ಷರಗಳ ರಾಶಿಯಾಗುತ್ತದೆ. ಕನ್ವರ್ಟರ್ ಎಷ್ಟೇ ಜಾಣನಾಗಿದ್ದರೂ, ಕೊಟ್ಟ ಪಠ್ಯದಲ್ಲಿ ಇಲ್ಲದ ಮಾಹಿತಿಯನ್ನು ಊಹಿಸಬೇಕೇ ಹೊರತು ಓದಲಾಗುವುದಿಲ್ಲ.

ಪ್ರೋಗ್ರಾಂ ಅನುವಾದದಲ್ಲೂ ಇವೇ ಎರಡು ಬಗೆಯ ಸಮಸ್ಯೆ. ಮೊದಲನೆಯದನ್ನು ಯಂತ್ರ ಚೆನ್ನಾಗಿ ನಿಭಾಯಿಸುತ್ತದೆ. ವರ್ಷಗಟ್ಟಲೆ ಸಮಯ ತಿನ್ನುವುದು ಎರಡನೆಯದು.

ಮಲ್ಲಿಕಾರ್ಜುನ ಎಷ್ಟು ಉದ್ದ?

ಒಂದು ಸಣ್ಣ ಉದಾಹರಣೆ ಹತ್ತಿರದಿಂದ ನೋಡೋಣ. ಜಾವಾದಲ್ಲಿ ಬರೆದ ಒಂದು ಅರ್ಜಿ ನಮೂನೆ ಇದೆ. ಹೆಸರು 20 ಅಕ್ಷರ ಮೀರಬಾರದು ಎಂದು ಅದರಲ್ಲೊಂದು ಷರತ್ತು. ಇದನ್ನು ಗೋ ಭಾಷೆಗೆ ತಿರುಗಿಸಬೇಕು. ಜಾವಾದಲ್ಲಿ ಉದ್ದ ಕೇಳುವ ಒಂದು ಫಂಕ್ಷನ್ ಇದೆ, ಗೋದಲ್ಲೂ ಒಂದಿದೆ. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ಆಯಿತು ಅಲ್ವಾ?

"ಮಲ್ಲಿಕಾರ್ಜುನ" ಎಂದು ಕನ್ನಡದಲ್ಲಿ ಬರೆದರೆ ನಮ್ಮ ಕಣ್ಣಿಗೆ ಐದು ಅಕ್ಷರ. ಯೂನಿಕೋಡ್ ಪ್ರಕಾರ ಅದರಲ್ಲಿ ವ್ಯಂಜನ, ಗುಣಿತದ ಗುರುತು, ಹಲಂತ ಎಲ್ಲ ಸೇರಿ 12 ಗುರುತುಗಳಿವೆ. ಜಾವಾ ಹೇಳುವ ಉದ್ದ 12. ಗೋ ಎಣಿಸುವುದು ಬೈಟ್‌ಗಳನ್ನು, ಕನ್ನಡದ ಒಂದೊಂದು ಗುರುತಿಗೂ ಅಲ್ಲಿ ಮೂರು ಬೈಟ್ ಬೇಕು, ಹಾಗಾಗಿ ಅದು ಹೇಳುವ ಉದ್ದ 36. ಹಳೇ ಪ್ರೋಗ್ರಾಂ ಮಲ್ಲಿಕಾರ್ಜುನ ಅವರ ಅರ್ಜಿ ತಗೊಳ್ಳುತ್ತಿತ್ತು, ಹೊಸದು ಹೆಸರು ತುಂಬಾ ಉದ್ದವಾಯಿತು ಅಂತ ವಾಪಸ್ ಕಳಿಸುತ್ತದೆ.

ತಪ್ಪು ಇಲ್ಲಿಗೇ ಸಿಕ್ಕಿಬೀಳುತ್ತಿದ್ದರೆ ಚೆನ್ನಾಗಿತ್ತು. ಆದರೆ ಪರೀಕ್ಷೆ ಮಾಡುವವರು ಅದೇ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಟೈಪ್ ಮಾಡುತ್ತಾರೆ. ಅಲ್ಲೂ 12 ಅಕ್ಷರ, ಒಂದೊಂದಕ್ಕೆ ಒಂದೇ ಬೈಟ್, ಎರಡೂ ಭಾಷೆ 12 ಎಂದೇ ಹೇಳುತ್ತವೆ. ಟೆಸ್ಟ್ ಪಾಸ್. ಕೋಡ್ ನೋಡಿದರೂ ಒಂದು ತಪ್ಪು ಕಾಣುವುದಿಲ್ಲ. ದೂರು ಬರುವುದು ಕನ್ನಡದಲ್ಲಿ ಹೆಸರು ಬರೆಯುವ ಮೊದಲ ಮನುಷ್ಯನಿಂದ.

ಇಂಥ ಹೊಂದದ ಜಾಗಗಳು ಪ್ರತಿ ಎರಡು ಭಾಷೆಗಳ ನಡುವೆಯೂ ಇವೆ. ಮೈನಸ್ 7ನ್ನು 2ರಿಂದ ಭಾಗಿಸಿ ಪೂರ್ಣಾಂಕ ಕೊಡು ಅಂದರೆ ಜಾವಾ ಮೈನಸ್ 3 ಅನ್ನುತ್ತದೆ, ಪೈಥಾನ್ ಮೈನಸ್ 4 ಅನ್ನುತ್ತದೆ. ಎರಡೂ ತಮ್ಮ ತಮ್ಮ ನಿಯಮದ ಪ್ರಕಾರ ಸರಿ. ಭಾಷೆ ಬದಲಾಗಬೇಕೆಂದೂ ಇಲ್ಲ, ಒಂದೇ ಭಾಷೆಯ ಎರಡು ಆವೃತ್ತಿ ಸಾಕು: 7 ಭಾಗಿಸು 2 ಅಂದರೆ ಪೈಥಾನ್ 2ರಲ್ಲಿ 3, ಪೈಥಾನ್ 3ರಲ್ಲಿ 3.5. ಪೈಥಾನ್ 3 ಬಂದಿದ್ದು 2008ರಲ್ಲಿ. ಕೋಡನ್ನು ತಾನಾಗಿ ತಿರುಗಿಸಿಕೊಡುವ ಉಪಕರಣವೂ ಜೊತೆಗೇ ಬಂದಿತ್ತು. ಆದರೂ ಹಳೇ ಆವೃತ್ತಿಗೆ ಬೆಂಬಲ ನಿಲ್ಲಿಸಲು ಆಗಿದ್ದು 2020ರ ಜನವರಿ 1ಕ್ಕೆ. ಒಂದೇ ಮನೆಯೊಳಗಿನ ಸಾಗಾಟಕ್ಕೆ ಹನ್ನೊಂದು ವರ್ಷ!

ಕೋಬಾಲ್‌ನ ಒಂದು ಪೈಸೆ

ಈಗ ದುಡ್ಡಿನ ವಿಷಯಕ್ಕೆ ಬರೋಣ, ಯಾಕೆಂದರೆ ಕೋಬಾಲ್ ಇರುವುದೇ ಅಲ್ಲಿ. 1959ರಲ್ಲಿ ರೂಪುಗೊಂಡ ಈ ಭಾಷೆ ಬ್ಯಾಂಕು, ವಿಮೆ, ಸರ್ಕಾರಿ ಇಲಾಖೆಗಳ ಲೆಕ್ಕಾಚಾರಕ್ಕಾಗಿಯೇ ಹುಟ್ಟಿದ್ದು. ಅದರಲ್ಲಿ ಒಂದು ಮೊತ್ತವನ್ನು ಹೇಳುವಾಗ ರೂಪಾಯಿಗೆ ಇಷ್ಟು ಅಂಕಿ, ಪೈಸೆಗೆ ಎರಡು ಅಂಕಿ ಅಂತ ಜಾಗ ಗೊತ್ತುಮಾಡಿಯೇ ಶುರು ಮಾಡುತ್ತಾರೆ. ಆ ಜಾಗದಲ್ಲಿ ಹಿಡಿಸದ್ದು ಉದುರಿಹೋಗುತ್ತದೆ. ದುಂಡಗೆ ಮಾಡು ಅಂತ ಬೇರೆಯಾಗಿ ಹೇಳದಿದ್ದರೆ ಕೋಬಾಲ್ ದುಂಡಗೆ ಮಾಡುವುದಿಲ್ಲ, ಸುಮ್ಮನೆ ಕತ್ತರಿಸುತ್ತದೆ.

10,000 ರೂಪಾಯಿಗೆ ವರ್ಷಕ್ಕೆ ಶೇ 7.25ರ ಬಡ್ಡಿ ಅಂದುಕೊಳ್ಳಿ. ಒಂದು ತಿಂಗಳ ಬಡ್ಡಿ 60.41666 ಹೀಗೆ ಮುಗಿಯದೆ ಹೋಗುತ್ತದೆ. ಕೋಬಾಲ್ ಪ್ರೋಗ್ರಾಂ 60.41 ಎಂದು ಬರೆಯುತ್ತದೆ. ಅದನ್ನು ಜಾವಾಕ್ಕೆ ತಿರುಗಿಸುವವರು, ಅದು ಮನುಷ್ಯನಾಗಲಿ ಎಐ ಆಗಲಿ, ಸಹಜವಾಗಿ ದುಂಡಗೆ ಮಾಡಿ 60.42 ಎನ್ನಬಹುದು. ಒಂದು ಪೈಸೆ ತಾನೇ? 50 ಲಕ್ಷ ಖಾತೆಗೆ ಅದು ತಿಂಗಳಿಗೆ 50,000 ರೂಪಾಯಿ. ಮೊತ್ತಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಬ್ಯಾಂಕಿನ ಇನ್ನೊಂದು ಪ್ರೋಗ್ರಾಂ ದಿನದ ಕೊನೆಗೆ ಎರಡು ಬದಿಯ ಮೊತ್ತ ತಾಳೆಯಾಗುತ್ತಾ ಅಂತ ನೋಡುತ್ತದೆ. ಒಂದು ಪೈಸೆ ಆಚೀಚೆಯಾದರೂ ಲೆಕ್ಕ ಕೂಡುವುದಿಲ್ಲ, ರಾತ್ರಿ ನಡೆಯಬೇಕಾದ ಕೆಲಸ ಅಲ್ಲೇ ನಿಲ್ಲುತ್ತದೆ.

ಹಾಗಾದರೆ ಯಾವುದು ಸರಿ, 60.41ಓ 60.42ಓ? ಇದಕ್ಕೆ ಕೋಡ್‌ನಲ್ಲಿ ಉತ್ತರ ಇಲ್ಲ. ಮೂವತ್ತು ವರ್ಷದ ಹಿಂದೆ ಬರೆದವರು ಬ್ಯಾಂಕಿನ ನಿಯಮ ನೋಡಿಕೊಂಡೇ ಕತ್ತರಿಸಿದರೋ, ದುಂಡಗೆ ಮಾಡುವ ಪದ ಹಾಕುವುದನ್ನು ಮರೆತರೋ ಎಂದು ಹೇಳಬಲ್ಲ ಮನುಷ್ಯ ನಿವೃತ್ತನಾಗಿರಬಹುದು. ತಪ್ಪೇ ಆಗಿದ್ದರೂ ಅದರ ಸುತ್ತ ಇನ್ನಷ್ಟು ಪ್ರೋಗ್ರಾಂಗಳು ಬೆಳೆದು ನಿಂತಿರುತ್ತವೆ. ಅವೆಲ್ಲ ಆ ಕತ್ತರಿಸಿದ ಪೈಸೆಯನ್ನೇ ನಂಬಿಕೊಂಡಿರುತ್ತವೆ.

ಅಕ್ಷರಗಳ ಸಾಲೂ ಹಾಗೆಯೇ. ಮೇನ್‌ಫ್ರೇಮ್ ಎನ್ನುವ ದೊಡ್ಡ ಕಂಪ್ಯೂಟರ್‌ಗಳಲ್ಲಿ ಬಳಸುವ ಎಬ್ಸಿಡಿಕ್ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳು ಮೊದಲು, ಅಂಕಿಗಳು ಆಮೇಲೆ. ಉಳಿದ ಕಂಪ್ಯೂಟರ್‌ಗಳ ಆಸ್ಕಿ ಪದ್ಧತಿಯಲ್ಲಿ ಅಂಕಿಗಳೇ ಮೊದಲು. ಒಂದು ಪಟ್ಟಿಯನ್ನು ಕ್ರಮವಾಗಿ ಜೋಡಿಸಿ ಮುಂದಿನ ಪ್ರೋಗ್ರಾಂಗೆ ಕೊಡುವ ಕೋಡನ್ನು ಸಾಲು ಸಾಲಾಗಿ ಸರಿಯಾಗಿಯೇ ಅನುವಾದಿಸಿದರೂ ಹೊಸ ಯಂತ್ರದಲ್ಲಿ ಪಟ್ಟಿ ಬೇರೆ ಕ್ರಮದಲ್ಲಿ ಬರಬಹುದು.

ಸೋಷಿಯಲ್ ಸೆಕ್ಯುರಿಟಿ ವಿಷಯದಲ್ಲೂ ಇಂಥದ್ದೇ ಒಂದು ಗಲಾಟೆ ಆಯಿತು. 150 ವರ್ಷ ವಯಸ್ಸಿನವರೆಲ್ಲ ಅಲ್ಲಿನ ಪಟ್ಟಿಯಲ್ಲಿದ್ದಾರೆ ಎಂದು 2025ರ ಫೆಬ್ರವರಿಯಲ್ಲಿ ಇಲಾನ್ ಮಸ್ಕ್ ಹೇಳಿದರು. ಕೂಡಲೇ ಅಂತರ್ಜಾಲದಲ್ಲಿ ಒಂದು ವಿವರಣೆ ಹಬ್ಬಿತು: ಕೋಬಾಲ್‌ನಲ್ಲಿ ಹುಟ್ಟಿದ ದಿನ ಖಾಲಿ ಇದ್ದರೆ ತಾನಾಗಿ 1875 ಅಂತ ಬೀಳುತ್ತದಂತೆ. ಕೋಬಾಲ್‌ನಲ್ಲಿ ಅಂಥ ನಿಯಮವೇ ಇಲ್ಲ. ಬಹಳ ಹಿಂದೆ ಹುಟ್ಟಿದ ಒಂದು ಕೋಟಿಗೂ ಹೆಚ್ಚು ಜನರ ಸಾವು ಆ ದಾಖಲೆಯಲ್ಲಿ ನಮೂದಾಗಿಲ್ಲ ಎನ್ನುವುದನ್ನು ಆ ಇಲಾಖೆಯ ತನಿಖಾ ವಿಭಾಗವೇ 2023ರಲ್ಲಿ ಹೇಳಿತ್ತು, ಅವರಲ್ಲಿ ಬಹುತೇಕ ಯಾರಿಗೂ ಹಣ ಹೋಗುತ್ತಿಲ್ಲ ಎಂಬುದನ್ನೂ ಹೇಳಿತ್ತು. ಒಂದು ಖಾಲಿ ಜಾಗಕ್ಕೆ ಏನು ಅರ್ಥ ಎನ್ನುವುದನ್ನು ಹೊರಗಿನಿಂದ ಬಂದು ಊಹಿಸಿದರೆ ಎರಡೂ ಕಡೆಯವರು ಎಡವುತ್ತಾರೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕಂಪೈಲರ್ ದಿನಾ ಇದನ್ನೇ ಮಾಡುತ್ತಲ್ಲ?

ಇದು ನ್ಯಾಯವಾದ ಪ್ರಶ್ನೆ. ಸಿ ಭಾಷೆಯನ್ನು ಯಂತ್ರದ ಭಾಷೆಗೆ ತಿರುಗಿಸುವುದೂ ಅನುವಾದವೇ. ಅದು ದಿನಕ್ಕೆ ಕೋಟಿಗಟ್ಟಲೆ ಸಲ ನಡೆಯುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಯಾಕೆಂದರೆ ಆ ಫಲಿತಾಂಶವನ್ನು ಮನುಷ್ಯ ಓದಬೇಕಾಗಿಲ್ಲ, ತಿದ್ದಬೇಕಾಗಿಲ್ಲ. ನಡವಳಿಕೆ ಒಂದೇ ಇದ್ದರೆ ಸಾಕು.

ಭಾಷೆಯಿಂದ ಭಾಷೆಗೆ ತಿರುಗಿಸುವಾಗ ನಮಗೆ ಎರಡು ಬೇಕು. ನಡವಳಿಕೆ ಹಳೆಯದೇ ಇರಬೇಕು, ಕೋಡ್ ಮಾತ್ರ ಹೊಸ ಭಾಷೆಯ ಜಾಯಮಾನದಲ್ಲಿ ಇರಬೇಕು, ಮುಂದೆ ನೋಡಿಕೊಳ್ಳುವವರಿಗೆ ಅರ್ಥವಾಗಬೇಕು. ಈ ಎರಡು ಆಸೆಗಳು ಒಂದಕ್ಕೊಂದು ಎದುರು ಎಳೆಯುತ್ತವೆ. ಹಳೆಯದಕ್ಕೆ ನಿಷ್ಠವಾಗಿದ್ದಷ್ಟೂ ಹೊಸ ಭಾಷೆಯ ಲಾಭ ಕಡಿಮೆ. ಹೊಸ ಭಾಷೆಗೆ ಒಗ್ಗಿಸಿದಷ್ಟೂ ನಡವಳಿಕೆ ಬದಲಾಗುವ ಅಪಾಯ ಜಾಸ್ತಿ.

ಮೊದಲ ಬದಿಗೆ ವಾಲಿದರೆ ಸಿಗುವುದಕ್ಕೆ ಈ ಕೆಲಸದವರು ಇಟ್ಟಿರುವ ಹೆಸರು ಜೋಬಾಲ್. ಅಂದರೆ ಜಾವಾ ಬಟ್ಟೆ ಹಾಕಿಕೊಂಡ ಕೋಬಾಲ್. ಜಾವಾ ಕಲಿತವರಿಗೆ ಓದಲು ಬರುವುದಿಲ್ಲ, ಕೋಬಾಲ್ ಗೊತ್ತಿದ್ದವರಿಗೂ ಗುರುತು ಸಿಗುವುದಿಲ್ಲ. ಮೊದಲು ಇದ್ದ ಕೆಲವೇ ತಜ್ಞರೂ ಉಪಯೋಗಕ್ಕೆ ಬಾರದಂತಾಗುತ್ತದೆ.

ಸಿಯಿಂದ ರಸ್ಟ್‌ಗೆ ಹೋಗುವಾಗಲೂ ಇದೇ ಕಥೆ. ಸಿ ಬಿಡಬೇಕು ಅನ್ನುವುದಕ್ಕೆ ಗಟ್ಟಿ ಕಾರಣ ಇದೆ. ತಮ್ಮ ಸಾಫ್ಟ್‌ವೇರ್‌ನ ಭದ್ರತಾ ದೋಷಗಳಲ್ಲಿ ಸುಮಾರು ಶೇ 70 ಮೆಮೊರಿಯನ್ನು ತಪ್ಪಾಗಿ ಬಳಸುವುದರಿಂದ ಬರುತ್ತವೆ ಎಂದು 2019ರಲ್ಲಿ ಮೈಕ್ರೋಸಾಫ್ಟ್ ಹೇಳಿತು. ಕ್ರೋಮ್ ಬ್ರೌಸರ್‌ನ ಗಂಭೀರ ದೋಷಗಳ ಬಗ್ಗೆ ಗೂಗಲ್‌ನವರೂ ಹೆಚ್ಚುಕಡಿಮೆ ಇದೇ ಪ್ರಮಾಣ ಕೊಟ್ಟರು. ಸಿಯಲ್ಲಿ ಮೆಮೊರಿಯ ಒಂದು ಜಾಗದ ವಿಳಾಸ ಮನೆ ಕೀ ಇದ್ದ ಹಾಗೆ. ಎಷ್ಟು ನಕಲು ಬೇಕಾದರೂ ಮಾಡಿಸಬಹುದು, ಯಾರಿಗೆ ಬೇಕಾದರೂ ಕೊಡಬಹುದು. ಮನೆ ಖಾಲಿ ಮಾಡಿಸುವ ಹೊಣೆ ಯಾರದ್ದು ಅಂತ ಕೀ ಮೇಲೆ ಬರೆದಿರುವುದಿಲ್ಲ. ಒಬ್ಬರು ಖಾಲಿ ಮಾಡಿದ ಮೇಲೆ ಇನ್ನೊಬ್ಬರು ಹಳೇ ಕೀ ಹಿಡಿದು ಒಳಗೆ ನುಗ್ಗಿದರೆ ಅದೇ ಭದ್ರತಾ ದೋಷ. ರಸ್ಟ್‌ನಲ್ಲಿ ಹಾಗಲ್ಲ, ಪ್ರತಿ ಜಾಗಕ್ಕೂ ಒಬ್ಬನೇ ಒಡೆಯ, ಉಳಿದವರು ಎರವಲು ಪಡೆಯಬೇಕು, ಎರವಲು ಮುಗಿಯುವ ತನಕ ಒಡೆಯ ಖಾಲಿ ಮಾಡುವಂತಿಲ್ಲ. ಇದನ್ನೆಲ್ಲ ಕಂಪೈಲರ್ ಮೊದಲೇ ಪರೀಕ್ಷಿಸುತ್ತದೆ.

ಈಗ ಸಿ ಕೋಡನ್ನು ರಸ್ಟ್‌ಗೆ ತಿರುಗಿಸಿ ಅಂದರೆ, ಒಡೆಯ ಯಾರು ಅಂತ ಹೇಳಲೇಬೇಕು. ಸಿ ಕೋಡ್ ಅದನ್ನು ಹೇಳಿಯೇ ಇಲ್ಲ. ಇಮೇಲ್ ವಿಳಾಸದ ಜೊತೆ ಬಾರದ ಫಾಂಟ್ ಮಾಹಿತಿಯ ಹಾಗೆ, ಅದು ಬರೆದವರ ತಲೆಯಲ್ಲಿತ್ತು. ಸಿ2ರಸ್ಟ್ ಎಂಬ ಉಪಕರಣ ಈ ಪ್ರಶ್ನೆಗೆ ಕೈ ಹಾಕದೆ ಸಾಲು ಸಾಲಾಗಿ ತಿರುಗಿಸಿಕೊಡುತ್ತದೆ. ಬರುವ ಕೋಡ್ ಓಡುತ್ತದೆ, ನಡವಳಿಕೆಯೂ ಹಾಗೇ ಇರುತ್ತದೆ. ಆದರೆ ಅದರ ತುಂಬಾ "ಅನ್‌ಸೇಫ್" ಎಂಬ ಗುರುತು, ಅಂದರೆ ಇಲ್ಲಿ ರಸ್ಟ್‌ನ ಕಾವಲು ಪೂರ್ತಿ ಇಲ್ಲ, ಹೊಣೆ ಬರೆದವರದ್ದೇ ಎಂಬ ಘೋಷಣೆ. ಭಾಷೆ ಬದಲಾಯಿತು, ಭದ್ರತೆ ಹೆಚ್ಚಲಿಲ್ಲ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ದಾರ್ಪಾ 2024ರಲ್ಲಿ "ಟ್ರ್ಯಾಕ್ಟರ್" ಎಂಬ ಯೋಜನೆ ಶುರು ಮಾಡಿದ್ದು ಈ ಕಂದರವನ್ನು ದಾಟಲಿಕ್ಕೇ. ನುರಿತ ರಸ್ಟ್ ಪ್ರೋಗ್ರಾಮರ್ ಬರೆದಂಥ ಕೋಡ್ ಯಂತ್ರದಿಂದ ಬರಬೇಕು ಎಂಬುದು ಅದರ ಗುರಿ.

ಟೈಪ್‌ಸ್ಕ್ರಿಪ್ಟ್ ತಂಡ ಗೆದ್ದಿದ್ದು ಹೇಗೆ

ಟೈಪ್‌ಸ್ಕ್ರಿಪ್ಟ್ ತಂಡ ಗೋ ಆರಿಸಿಕೊಂಡಾಗ ಬಹಳ ಜನ ಸಿಟ್ಟಾದರು. ಎಲ್ಲರೂ ಹೊಗಳುವ ರಸ್ಟ್ ಯಾಕಲ್ಲ? ತಂಡದ ಪ್ರಧಾನ ವಿನ್ಯಾಸಕ ಆಂಡರ್ಸ್ ಹೈಲ್ಸ್‌ಬರ್ಗ್ ಅವರೇ ರೂಪಿಸಿದ ಸಿ ಶಾರ್ಪ್ ಯಾಕಲ್ಲ?

ಅವರ ಉತ್ತರ ಸರಳವಾಗಿತ್ತು. ನಾವು ಹೊಸದಾಗಿ ಬರೆಯುತ್ತಿಲ್ಲ, ಇದ್ದದ್ದನ್ನು ಸಾಗಿಸುತ್ತಿದ್ದೇವೆ. ಟೈಪ್‌ಸ್ಕ್ರಿಪ್ಟ್‌ನಲ್ಲೇ ಬರೆದ ಹಳೇ ಕಂಪೈಲರ್‌ನ ಶೈಲಿ ಗೋ ಭಾಷೆಯ ಶೈಲಿಗೆ ಹತ್ತಿರ. ಬೇಡವಾದ ಮೆಮೊರಿಯನ್ನು ಎರಡೂ ಭಾಷೆಗಳು ತಾವೇ ಗುಡಿಸುತ್ತವೆ. ಒಂದನ್ನೊಂದು ಸುತ್ತಿ ಹಿಡಿದುಕೊಂಡ ದತ್ತಾಂಶ ಆ ಕಂಪೈಲರ್‌ನಲ್ಲಿ ಬಹಳ ಇದೆ, ಒಬ್ಬನೇ ಒಡೆಯ ಎನ್ನುವ ರಸ್ಟ್‌ನಲ್ಲಿ ಅದನ್ನು ಹಾಗೇ ಇಡುವುದು ಕಷ್ಟ, ಇಡೀ ರಚನೆಯನ್ನೇ ಹೊಸದಾಗಿ ಯೋಚಿಸಬೇಕಾಗುತ್ತಿತ್ತು. ಅಂದರೆ ಎರಡು ಭಾಷೆಗಳ ನಡುವೆ ಊಹಿಸಬೇಕಾದ ಜಾಗಗಳು ಆದಷ್ಟು ಕಡಿಮೆ ಇರುವ ದಾರಿಯನ್ನು ಹುಡುಕಿಕೊಂಡರು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತ್ಯಂತ ಬುದ್ಧಿವಂತಿಕೆಯ ತೀರ್ಮಾನ ಇದೇ, ಉಳಿದದ್ದೆಲ್ಲ ಇದರ ಫಲ.

ಎರಡನೇ ಕಾರಣ, ವರ್ಷಗಳಿಂದ ಕೂಡಿಟ್ಟ ಸಾವಿರಾರು ಟೆಸ್ಟ್‌ಗಳು ಅವರ ಕೈಯಲ್ಲಿದ್ದವು. ಈ ಇನ್‌ಪುಟ್‌ಗೆ ಹಳೇ ಕಂಪೈಲರ್ ಏನು ಉತ್ತರ ಕೊಟ್ಟಿತು ಎನ್ನುವುದು ದಾಖಲಾಗಿತ್ತು. ಹೊಸದರ ಉತ್ತರವನ್ನು ಅದರ ಪಕ್ಕದಲ್ಲಿಟ್ಟು ನೋಡುವುದಷ್ಟೇ. ಕೋಡ್ ಬರೆದ ಜನ ಕೂಡ ಅದೇ ತಂಡದಲ್ಲಿದ್ದರು. ಕೋಡ್ ಬರೆಯಲು ಬಳಸುವ ವಿಎಸ್ ಕೋಡ್ ಎಂಬ ತಂತ್ರಾಂಶದ 15 ಲಕ್ಷ ಸಾಲನ್ನು ಪರೀಕ್ಷಿಸಲು ಮೊದಲು 77.8 ಸೆಕೆಂಡ್ ಬೇಕಿತ್ತು, ಹೊಸದಕ್ಕೆ 7.5 ಸಾಕಾಯಿತು.

ಸೋಷಿಯಲ್ ಸೆಕ್ಯುರಿಟಿಯ ಕೋಬಾಲ್ ವಿಷಯದಲ್ಲಿ ಅನುಭವಿಗಳು ಹೆದರಿದ್ದು ಯಾಕೆ ಅಂತ ಈಗ ಹೊಳೆಯುತ್ತದೆ. ಅಲ್ಲಿ ದಶಕಗಳಲ್ಲಿ ಬದಲಾದ ಕಾನೂನುಗಳೆಲ್ಲ ಪದರ ಪದರವಾಗಿ ಕೋಡ್‌ನಲ್ಲಿ ಕೂತಿವೆ, ಬರೆದವರಲ್ಲಿ ಎಷ್ಟೋ ಜನ ಮನೆಗೆ ಹೋಗಿದ್ದಾರೆ, ತಪ್ಪಾದರೆ ಒಬ್ಬ ಮುದುಕಿಯ ತಿಂಗಳ ದುಡ್ಡು ನಿಲ್ಲುತ್ತದೆ.

ಓದುವವರು ಯಾರು?

ಹತ್ತು ಲಕ್ಷ ಸಾಲಿನ ಲೆಕ್ಕಕ್ಕೆ ವಾಪಸ್ ಬರೋಣ. ತಿಂಗಳಲ್ಲಿ 22 ದಿನ ಕೆಲಸ, ದಿನಕ್ಕೆ ಎಂಟು ಗಂಟೆ ಅಂತ ಹಿಡಿದರೆ ನಿಮಿಷಕ್ಕೆ ಸುಮಾರು 95 ಸಾಲು. ಬರೆಯುವುದು ಬಿಡಿ, ಆ ವೇಗದಲ್ಲಿ ಯಾರೂ ಓದಲೂ ಆಗುವುದಿಲ್ಲ. ಅಂದರೆ ಈ ಯೋಜನೆಯ ಅರ್ಥವೇ, ಯಂತ್ರ ಬರೆದದ್ದನ್ನು ಮನುಷ್ಯ ಓದದೆ ನಂಬಬೇಕು ಎಂದು. ಆ ನಂಬಿಕೆ ಎಲ್ಲಿಂದ ಬರುತ್ತದೆ?

ಗಣಿತದಿಂದ ಪೂರ್ತಿ ಬರುವುದಿಲ್ಲ. ಯಾವುದೇ ಎರಡು ಪ್ರೋಗ್ರಾಂಗಳನ್ನು ಕೊಟ್ಟರೂ ಎಲ್ಲ ಸಂದರ್ಭದಲ್ಲಿ ಒಂದೇ ಥರ ನಡೆದುಕೊಳ್ಳುತ್ತವೆಯೇ ಎಂದು ತಪ್ಪದೇ ಹೇಳುವ ಸಾಮಾನ್ಯ ವಿಧಾನ ಇರಲು ಸಾಧ್ಯವೇ ಇಲ್ಲ. 1936ರಲ್ಲಿ ಅಲನ್ ಟ್ಯೂರಿಂಗ್ ಮಾಡಿದ ಕೆಲಸದಿಂದ ಇದು ಗೊತ್ತಾಗಿದೆ. ನಿರ್ದಿಷ್ಟ ಪ್ರೋಗ್ರಾಂಗಳಿಗೆ, ಅದರಲ್ಲೂ ಸಣ್ಣವಕ್ಕೆ, ಸಾಬೀತು ಮಾಡಬಹುದು. ಉಳಿದದ್ದಕ್ಕೆ ಟೆಸ್ಟ್ ಒಂದೇ ದಾರಿ.

ಟೆಸ್ಟನ್ನೂ ಎಐ ಬರೆಯುತ್ತಲ್ಲ ಅನ್ನಬಹುದು. ಬರೆಯುತ್ತದೆ, ಚೆನ್ನಾಗಿಯೇ ಬರೆಯುತ್ತದೆ. ಆದರೆ 60.41ನ್ನು 60.42 ಎಂದು ಅರ್ಥ ಮಾಡಿಕೊಂಡ ಎಐ ಟೆಸ್ಟ್‌ನಲ್ಲೂ 60.42 ಎಂದೇ ಬರೆಯುತ್ತದೆ. ಎರಡೂ ಒಂದೇ ತಪ್ಪು ತಿಳುವಳಿಕೆಯಿಂದ ಹುಟ್ಟಿದ್ದರಿಂದ ಒಂದನ್ನೊಂದು ಹಿಡಿಯುವುದಿಲ್ಲ, ಎಲ್ಲ ಹಸಿರು ದೀಪ ಕಾಣುತ್ತದೆ. ಹಾಗಾಗಿ ಟೆಸ್ಟ್‌ನ ಉತ್ತರ ಬರಬೇಕಾದ್ದು ಹಳೇ ಪ್ರೋಗ್ರಾಂ ನಿಜವಾಗಿ ಓಡಿದಾಗ ಕೊಟ್ಟ ಫಲಿತಾಂಶದಿಂದ. ಹಳೆಯದನ್ನೂ ಹೊಸದನ್ನೂ ತಿಂಗಳುಗಟ್ಟಲೆ ಜೊತೆಗೇ ಓಡಿಸಿ, ಒಂದೇ ಇನ್‌ಪುಟ್ ಕೊಟ್ಟು, ಪೈಸೆ ಪೈಸೆ ತಾಳೆ ನೋಡುವ ಪದ್ಧತಿ ಬ್ಯಾಂಕುಗಳಲ್ಲಿ ಬಹಳ ಹಿಂದಿನದು. ಮಾರ್ಚ್ ಕೊನೆ, ಫೆಬ್ರವರಿ 29, ಬಡ್ಡಿ ದರ ಬದಲಾದ ದಿನ, ಇವೆಲ್ಲ ಆ ಅವಧಿಯೊಳಗೆ ಬರಬೇಕು ಅಥವಾ ಬಂದಂತೆ ಮಾಡಿ ನೋಡಬೇಕು. ಇದನ್ನು ಎಐ ಎಷ್ಟೇ ವೇಗ ಮಾಡಿದರೂ ಒಂದು ತಿಂಗಳಿಗೆ ಇಳಿಸಲಾಗುವುದಿಲ್ಲ.

ಪರೀಕ್ಷೆ ಅರ್ಧಕ್ಕೇ ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ಇದೆ. ಅದು ಬರೀ ಭಾಷೆ ಬದಲಾವಣೆಯಲ್ಲ, 2018ರ ಏಪ್ರಿಲ್‌ನಲ್ಲಿ ಒಂದು ವಾರಾಂತ್ಯದಲ್ಲಿ ಇಡೀ ವ್ಯವಸ್ಥೆಯನ್ನೇ ಹೊಸ ವೇದಿಕೆಗೆ ಸಾಗಿಸಿದರು. ಸುಮಾರು 19 ಲಕ್ಷ ಗ್ರಾಹಕರಿಗೆ ತಮ್ಮ ಖಾತೆಗೇ ಹೋಗಲು ಆಗಲಿಲ್ಲ. ನಿಯಂತ್ರಣ ಸಂಸ್ಥೆಗಳು 2022ರಲ್ಲಿ 4.865 ಕೋಟಿ ಪೌಂಡ್ ದಂಡ ಹಾಕಿದವು.

ಹಾಗಾದರೆ ಮುಟ್ಟದೇ ಬಿಡೋಣವೇ?

ಓಡುತ್ತಿರುವುದನ್ನು ಮುಟ್ಟಬೇಡಿ ಅನ್ನುವವರ ವಾದಕ್ಕೂ ಒಂದು ಬೆಲೆ ಇದೆ, ಅದನ್ನು ಯಾರೋ ಕಟ್ಟುತ್ತಲೇ ಇರುತ್ತಾರೆ. 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ಕೆಲಸ ಕಳೆದುಕೊಂಡವರ ಅರ್ಜಿ ಒಂದೇ ಸಮ ಬಂದಾಗ, ಅಮೆರಿಕದ ನ್ಯೂಜೆರ್ಸಿಯ ಆಗಿನ ಗವರ್ನರ್ ಫಿಲ್ ಮರ್ಫಿ ಕೋಬಾಲ್ ಬಲ್ಲವರು ಸ್ವಯಂಸೇವಕರಾಗಿ ಬನ್ನಿ ಎಂದು ಬಹಿರಂಗವಾಗಿ ಕೇಳಿಕೊಂಡರು. ಹಳೇ ವ್ಯವಸ್ಥೆಯನ್ನು ಅರಿತವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಇವತ್ತು ಕಷ್ಟವಾದ ಸಾಗಾಟ ಹತ್ತು ವರ್ಷದ ಮೇಲೆ ಇನ್ನೂ ಕಷ್ಟ.

ನಡುವಿನ ದಾರಿ ಒಂದಿದೆ, ಅದರ ಫಲ ಕಣ್ಣಿಗೆ ಕಾಣುವಷ್ಟು ಸ್ಪಷ್ಟ. ಆಂಡ್ರಾಯ್ಡ್ ತಂಡ ಹಳೇ ಸಿ++ ಕೋಡನ್ನು ಸಾರಾಸಗಟಾಗಿ ತಿರುಗಿಸಲು ಹೋಗಲಿಲ್ಲ. ಹೊಸದಾಗಿ ಬರೆಯುವುದನ್ನು ಹೆಚ್ಚು ಹೆಚ್ಚಾಗಿ ರಸ್ಟ್‌ನಂಥ ಸುರಕ್ಷಿತ ಭಾಷೆಗಳಲ್ಲಿ ಬರೆಯುತ್ತಾ ಹೋಯಿತು. 2019ರಲ್ಲಿ ಅವರ ಭದ್ರತಾ ದೋಷಗಳಲ್ಲಿ ಶೇ 76 ಮೆಮೊರಿಗೆ ಸಂಬಂಧಿಸಿದವು, 2024ಕ್ಕೆ ಅದು ಶೇ 24ಕ್ಕೆ ಇಳಿಯಿತು. ಹಳೇ ಕೋಡ್ ಹಾಗೇ ಇದ್ದೂ ಹೀಗಾಗಿದ್ದು ಯಾಕೆ? ದೋಷಗಳು ಹೆಚ್ಚಾಗಿ ಇರುವುದು ಹೊಸ ಕೋಡ್‌ನಲ್ಲಿ. ಹಳೆಯದರಲ್ಲಿದ್ದವು ಬಳಕೆಯಲ್ಲಿ ಒಂದೊಂದಾಗಿ ಸಿಕ್ಕಿ, ತಿದ್ದಿ, ಕಡಿಮೆಯಾಗುತ್ತಾ ಬರುತ್ತವೆ. ಹೊಸ ದೋಷ ಹುಟ್ಟುವುದನ್ನು ನಿಲ್ಲಿಸಿದರೆ ಒಟ್ಟು ಮೊತ್ತ ತಾನಾಗಿ ಇಳಿಯುತ್ತದೆ.

ಕೋಬಾಲ್‌ನವರೂ ಇದನ್ನು ಹೋಲುವ ಕ್ರಮ ಅನುಸರಿಸುತ್ತಾರೆ. ನಮ್ಮಲ್ಲಿ ಹಕ್ಕಿ ತಂದು ಹಾಕಿದ ಆಲದ ಬೀಜ ತಾಳೆ ಮರದ ಮೇಲೆ ಮೊಳೆತು, ಬೇರು ಇಳಿಬಿಟ್ಟು, ನಿಧಾನಕ್ಕೆ ಇಡೀ ಮರವನ್ನು ಸುತ್ತಿಕೊಳ್ಳುವುದನ್ನು ನೋಡಿರುತ್ತೇವೆ. ಸಾಫ್ಟ್‌ವೇರ್‌ನಲ್ಲಿ ಈ ಪದ್ಧತಿಗೆ ಆ ಜಾತಿಯ ಮರದ ಇಂಗ್ಲಿಷ್ ಹೆಸರೇ ಇದೆ, ಸ್ಟ್ರ್ಯಾಂಗ್ಲರ್ ಫಿಗ್ ಅಂತ. ಒಂದು ಸಣ್ಣ ಕೆಲಸವನ್ನು ಮಾತ್ರ ಹೊಸ ಭಾಷೆಗೆ ತಗೊಳ್ಳುವುದು, ಅದು ನಿಂತ ಮೇಲೆ ಇನ್ನೊಂದು. ಹಳೆಯದು ಓಡುತ್ತಲೇ ಇರುತ್ತದೆ, ಎಡವಿದರೆ ಹಿಂದಕ್ಕೆ ಹೋಗಬಹುದು. ಇದು ನಿಧಾನ, ಸುದ್ದಿಯಾಗುವಂಥದ್ದಲ್ಲ, ಎರಡೂ ವ್ಯವಸ್ಥೆ ಸಾಕುವ ಖರ್ಚು ಬೇರೆ. ಆದರೂ ಹಣ, ಪಿಂಚಣಿ, ಆಸ್ಪತ್ರೆಯಂಥ ಕಡೆ ಇದನ್ನು ಬಿಟ್ಟು ಬೇರೆ ದಾರಿ ಹಿಡಿಯುವುದು ತಪ್ಪು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇದರಲ್ಲಿ ಎಐಗೆ ದೊಡ್ಡ ಕೆಲಸವೇ ಇದೆ. ಯಾರೂ ಓದಿರದ ಸಾವಿರಾರು ಪುಟದ ಕೋಡನ್ನು ಓದಿ ಇದು ಇದನ್ನು ಮಾಡುತ್ತದೆ, ಈ ಫೈಲನ್ನು ಆ ಪ್ರೋಗ್ರಾಂ ಮುಟ್ಟುತ್ತದೆ ಅಂತ ನಕ್ಷೆ ಹಾಕಿಕೊಡುವುದರಲ್ಲಿ ಅದು ನಿಜಕ್ಕೂ ನೆರವಾಗುತ್ತದೆ. ಕೋಬಾಲ್‌ನಿಂದ ಜಾವಾಕ್ಕೆ ತಿರುಗಿಸಲು ಐಬಿಎಂ 2023ರಲ್ಲೇ ಎಐ ಉಪಕರಣ ಪ್ರಕಟಿಸಿತು. ತಿರುಗಿಸುವ ಕೆಲಸದ ಬೆಲೆ ಇಳಿಯುತ್ತಿದೆ, ಅದು ಸುಳ್ಳಲ್ಲ. ಆದರೆ ಸರಿಯೇ ಎಂದು ಖಚಿತ ಮಾಡಿಕೊಳ್ಳುವ ಕೆಲಸದ ಬೆಲೆ ಅದೇ ವೇಗದಲ್ಲಿ ಇಳಿಯುತ್ತಿಲ್ಲ.

ಬೆಂಗಳೂರಿಗೆ ಇದರಿಂದ ಏನು

ಇದು ಅಮೆರಿಕದ ಕಥೆ ಅಂತ ಬಿಡುವ ಹಾಗಿಲ್ಲ. 1990ರ ದಶಕದ ಕೊನೆಯಲ್ಲಿ ವೈ2ಕೆ ಕೆಲಸ ಇಲ್ಲಿಗೆ ಹರಿದು ಬಂದಾಗ, ಎರಡೇ ಅಂಕಿಯಲ್ಲಿ ಬರೆದಿದ್ದ ವರ್ಷಗಳನ್ನು ಹುಡುಕಿ ತಿದ್ದಿದವರಲ್ಲಿ ಬೆಂಗಳೂರಿನ ಇಂಜಿನಿಯರ್‌ಗಳು ಬಹಳ ಜನ. ಇವತ್ತಿಗೂ ಹೊರದೇಶದ ಬ್ಯಾಂಕು, ವಿಮಾ ಕಂಪನಿಗಳ ಹಳೇ ವ್ಯವಸ್ಥೆಯನ್ನು ಇಲ್ಲಿ ಕೂತು ನೋಡಿಕೊಳ್ಳುವವರಿದ್ದಾರೆ. ಸಾಗಾಟದ ಕೆಲಸಕ್ಕೆ ಎಷ್ಟು ಜನ, ಎಷ್ಟು ಗಂಟೆ ಎಂದು ಬಿಲ್ ಹಾಕುವ ಪದ್ಧತಿ ಇಲ್ಲಿ ಬೇರೂರಿದೆ.

ತಿರುಗಿಸುವ ಭಾಗ ಅಗ್ಗವಾದಾಗ ಮೊದಲ ಪೆಟ್ಟು ಬೀಳುವುದು ಆ ಗಂಟೆ ಲೆಕ್ಕಕ್ಕೆ. ಒಂದು ಭಾಷೆಯ ಸಾಲನ್ನು ಇನ್ನೊಂದರಲ್ಲಿ ಟೈಪ್ ಮಾಡುವ ಕೆಲಸಕ್ಕೆ ಹೊಸಬರನ್ನು ದೊಡ್ಡ ಸಂಖ್ಯೆಯಲ್ಲಿ ತಗೊಳ್ಳುವ ಕಾರಣ ಕಡಿಮೆಯಾಗುತ್ತದೆ. ಇದನ್ನು ಮೃದುವಾಗಿ ಹೇಳಿ ಪ್ರಯೋಜನ ಇಲ್ಲ. ಇನ್ನೊಂದು ಕಡೆ, ಖರ್ಚಿನ ಭಯಕ್ಕೆ ಮುಂದೂಡಿದ್ದ ಸಾಗಾಟಗಳನ್ನು ಕಂಪನಿಗಳು ಈಗ ಕೈಗೆತ್ತಿಕೊಳ್ಳುವ ಸಾಧ್ಯತೆ ಇದೆ. ಹಾಗಾದರೆ ತಾಳೆ ನೋಡುವವರು, ಟೆಸ್ಟ್ ಕಟ್ಟುವವರು, ಬಡ್ಡಿ ಲೆಕ್ಕದ ಒಳಸುಳಿ ಗೊತ್ತಿರುವವರು ಜಾಸ್ತಿ ಬೇಕಾಗುತ್ತಾರೆ. ಇಪ್ಪತ್ತು ವರ್ಷ ಒಂದೇ ಬ್ಯಾಂಕಿನ ಮೇನ್‌ಫ್ರೇಮ್ ನೋಡಿಕೊಂಡು, ಹೊಸ ತಂತ್ರಜ್ಞಾನ ಕಲಿಯಲಿಲ್ಲ ಎಂದು ಬಡ್ತಿಯಲ್ಲಿ ಹಿಂದೆ ಉಳಿದವರ ತಲೆಯಲ್ಲಿ ಯಾವ ಪೈಸೆಯನ್ನು ಯಾಕೆ ಕತ್ತರಿಸುತ್ತಾರೆ ಎನ್ನುವುದು ಇದೆ, ಅದು ಬೇರೆಲ್ಲೂ ಬರೆದಿಲ್ಲ. ಅವರು ಕೆಲಸ ಬಿಡುವ ಮುಂಚೆ ಅವರ ಪಕ್ಕ ಒಬ್ಬರನ್ನು ಕೂರಿಸಿ ಅದನ್ನೆಲ್ಲ ಟೆಸ್ಟ್‌ಗಳಾಗಿ ಬರೆಸಿಕೊಳ್ಳುವ ಕಂಪನಿಗೆ ಮುಂದೆ ಯಾವ ಭಾಷೆಗೆ ಹೋಗಬೇಕಾದರೂ ಅರ್ಧ ದಾರಿ ಸವೆದಿರುತ್ತದೆ.